ಐದು ಗೆರೆ, ನಾಲ್ಕು ಮನೆ

ಮಗ್ರಿಬ್ ನಮಾಝ್ ಮುಗಿದ ಮೇಲೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಈಗ ಎರಡು ಪುಸ್ತಕ ತೆರೆದಿರುತ್ತವೆ. ಒಂದು ಎಂಟನೇ ತರಗತಿಯ ಗಣಿತ, ಇನ್ನೊಂದು ಪಿಯಾನೊ ಕಲಿಯುವವರ ಮೊದಲ ಪುಸ್ತಕ. ಉಮ್ಮ ಒಂದು ದಿನ ಕನ್ನಡಕ ಏರಿಸಿಕೊಂಡು ಎರಡನೆಯದನ್ನು ಬಹಳ ಹೊತ್ತು ನೋಡಿದರು. "ಇದೇನು, ತಂತಿ ಮೇಲೆ ಇರುವೆ ಸಾಲು ಹೋಗ್ತಾ ಉಂಟಲ್ಲ?" ಅಂತ ಕೇಳಿದರು. ಮಗಳು ನಕ್ಕಳು. ನಾವು ನಗಲಿಲ್ಲ, ಯಾಕೆಂದರೆ ನಮಗೂ ಅದು ಇರುವೆ ಸಾಲೇ ಆಗಿತ್ತು.

ಶಿವಮೊಗ್ಗದಲ್ಲಿರುವ ಬ್ಯಾರಿ ಮನೆಯ ಹುಡುಗಿಗೆ ಪಿಯಾನೊ ಯಾಕೆ ಅಂತ ಕೇಳುವವರು ಇದ್ದಾರೆ. ಶುರುವಾದದ್ದು ಶಾಲೆಯ ಕಾರ್ಯಕ್ರಮದಿಂದ. ಅಲ್ಲಿದ್ದ ಕೀಬೋರ್ಡಿನಲ್ಲಿ ಅವಳು ಯಾರೂ ಹೇಳಿಕೊಡದೆ 'ಸಾರೇ ಜಹಾಂ ಸೆ ಅಚ್ಛಾ' ನುಡಿಸಿದಳು. ಆಮೇಲೆ ಒಂದು ಹಳೆಯ 61 ಕೀಗಳ ಕೀಬೋರ್ಡ್ ಮನೆಗೆ ಬಂತು. ಕಲಿಸುವವರು ಸಿಕ್ಕಿದ್ದು ಭದ್ರಾವತಿಯಲ್ಲಿ. ಹಾಗಾಗಿ ಪ್ರತಿ ಶನಿವಾರ ಸಂಜೆ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ಹೋಗುತ್ತೇವೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದ ಮೇಲೆ ಎಲ್ಲೆಲ್ಲಿಂದಲೋ ಬಂದವರು ನೆಲೆಸಿದ ಊರು ಅದು. ಟೀಚರ ತಂದೆಯೂ ಹಾಗೆ ಕೆಲಸಕ್ಕೆ ಬಂದವರಂತೆ. ಟೀಚರ್ ಚಿಕ್ಕವರಿದ್ದಾಗ ಚರ್ಚಿನ ಗಾಯಕ ತಂಡದಲ್ಲಿದ್ದು ನೊಟೇಶನ್ ಓದಲು ಕಲಿತವರು.

ಮೊದಲ ತಿಂಗಳು ಎಲ್ಲವೂ ಸಲೀಸು ಅನ್ನಿಸಿತು. ಮಗಳು ಪ್ರತಿ ಸ್ವರಚಿಹ್ನೆಯ ಕೆಳಗೆ ಪೆನ್ಸಿಲಿನಲ್ಲಿ ಸ, ರಿ, ಗ, ಮ ಅಂತ ಬರೆದುಕೊಂಡಳು. ನೋಡಿದವರು ಜಾಣೆ ಅಂದರು. ಟೀಚರ್ ಮಾತ್ರ ಪುಸ್ತಕ ತೆಗೆದು, ರಬ್ಬರ್ ತಗೊಂಡು ಎಲ್ಲವನ್ನೂ ಅಳಿಸಿದರು. "ಕೆಳಗೆ ಬರೆದದ್ದು ಇರುವವರೆಗೆ ಕಣ್ಣು ಮೇಲೆ ಹೋಗೋದಿಲ್ಲ" ಅಂದರು.

ಈ ಮಾತು ನಮಗೆ ಬೇಗ ಅರ್ಥವಾಯಿತು. ಸೂರಾಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಲು ಹೊರಟಾಗ ನಮ್ಮ ಮದ್ರಸದ ಉಸ್ತಾದರೂ ಬಿಡುತ್ತಿರಲಿಲ್ಲ. ಅಲಿಫ್, ಬಾ, ತಾ ಕಲಿತೇ ಓದಬೇಕಿತ್ತು. ಪಾರಾಯಣ ಬೇರೆ, ಸಂಗೀತ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಲಿಪಿ ಕಲಿಯುವ ರೀತಿಯಷ್ಟೇ ನಮ್ಮ ಮಾತು. ನಮ್ಮ ಮಕ್ಕಳು ಅರಬಿಯನ್ನು ಬಲದಿಂದ ಎಡಕ್ಕೂ ಕನ್ನಡ, ಇಂಗ್ಲಿಷನ್ನು ಎಡದಿಂದ ಬಲಕ್ಕೂ ಓದುತ್ತಾರೆ. ಮನೆಯ ಬ್ಯಾರಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ಅಂಥವರಿಗೆ ಇನ್ನೊಂದು ಲಿಪಿ ಅಷ್ಟೇನೂ ದೂರದ್ದಲ್ಲ.

ಈ ಲಿಪಿ ಹೀಗಿದೆ. ಐದು ಗೆರೆ, ನಡುವೆ ನಾಲ್ಕು ಮನೆ. ಚುಕ್ಕೆ ಗೆರೆಯ ಮೇಲೆ ಕೂರಬಹುದು, ಮನೆಯೊಳಗೂ ಕೂರಬಹುದು. ಮೇಲೆ ಹೋದಷ್ಟು ಸ್ವರ ಏರುತ್ತದೆ, ಕೆಳಗೆ ಬಂದಷ್ಟು ಇಳಿಯುತ್ತದೆ. ಇಂಥ ಐದೈದು ಗೆರೆಗಳ ಎರಡು ಸಾಲು ಒಂದರ ಕೆಳಗೊಂದು ಇರುತ್ತವೆ. ಸಾಮಾನ್ಯವಾಗಿ ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ. ಮೇಲಿನ ಸಾಲಿನ ಶುರುವಿನಲ್ಲಿ ಸುರುಳಿಯಂಥ ಟ್ರೆಬಲ್ ಕ್ಲೆಫ್ ಇರುತ್ತದೆ, ಅದು ಕೆಳಗಿನಿಂದ ಎರಡನೇ ಗೆರೆ 'ಜಿ' ಅಂತ ತೋರಿಸುತ್ತದೆ. ಕೆಳಗಿನ ಸಾಲಿನ ಬಾಸ್ ಕ್ಲೆಫ್ ನಾಲ್ಕನೇ ಗೆರೆ 'ಎಫ್' ಅಂತ ತೋರಿಸುತ್ತದೆ. ಎರಡು ಸಾಲುಗಳ ನಡುವೆ, ಒಂದು ತುಂಡು ಗೆರೆಯ ಮೇಲೆ ಕೂರುವ ಸ್ವರವೇ ಮಿಡಲ್ ಸಿ.

ಇದು ಮಗಳ ತಲೆಗೆ ಹತ್ತಲೇ ಇಲ್ಲ. ಆಗ ಟೀಚರ್ ಹೇಳಿದರು, "ನಿಮ್ಮೂರಲ್ಲಿ ತುಂಗೆ, ನಮ್ಮೂರಲ್ಲಿ ಭದ್ರೆ. ಎರಡೂ ಸೇರೋದು ಎಲ್ಲಿ?" "ಕೂಡ್ಲಿಯಲ್ಲಿ" ಅಂದಳು ಮಗಳು. "ಹಾಗಾದ್ರೆ ಮಿಡಲ್ ಸಿ ಅಂದ್ರೆ ಕೂಡ್ಲಿ. ಮೇಲಿನಿಂದ ಇಳಿದು ಬಂದರೂ, ಕೆಳಗಿನಿಂದ ಹತ್ತಿ ಬಂದರೂ ಸೇರೋದು ಅಲ್ಲೇ." ಆ ದಿನದಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ಕೂಡ್ಲಿ. ಹುಡುಕುವುದೂ ಸುಲಭ. ಎರಡು ಕಪ್ಪು ಕೀಗಳು ಜೊತೆಯಾಗಿರುವ ಕಡೆ, ಅವುಗಳ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀ 'ಸಿ'. ನಮ್ಮ 61 ಕೀಗಳ ಕೀಬೋರ್ಡಿನಲ್ಲಿ ಎಡದಿಂದ ಮೂರನೆಯ ಸಿ ಮಿಡಲ್ ಸಿ. 88 ಕೀಗಳ ಪೂರ್ತಿ ಪಿಯಾನೊದಲ್ಲಾದರೆ ನಾಲ್ಕನೆಯದು.

ಸ, ರಿ, ಗ ಬರೆದುಕೊಳ್ಳುವುದರಲ್ಲಿ ಇನ್ನೊಂದು ತೊಡಕೂ ಇತ್ತು. ಹಾರ್ಮೋನಿಯಂ ನುಡಿಸುವವರು ಹಾಡುವವರ ಕಂಠ ನೋಡಿ ಷಡ್ಜ ಇಡುತ್ತಾರೆ. ಒಬ್ಬರಿಗೆ ಬಿಳಿ ಒಂದು, ಇನ್ನೊಬ್ಬರಿಗೆ ಕಪ್ಪು ನಾಲ್ಕು. ನಮ್ಮ 'ಸ' ಜಾಗ ಬದಲಿಸುತ್ತದೆ, ಪಿಯಾನೊದ 'ಸಿ' ಬದಲಿಸುವುದಿಲ್ಲ.

ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಚುಕ್ಕೆಯ ಆಕಾರವೇ ಹೇಳುತ್ತದೆ. ಬಾಲವಿಲ್ಲದ ಖಾಲಿ ಚುಕ್ಕೆಗೆ ನಾಲ್ಕು ಎಣಿಕೆ, ಬಾಲವಿರುವ ಖಾಲಿ ಚುಕ್ಕೆಗೆ ಎರಡು, ಬಾಲವಿರುವ ತುಂಬಿದ ಚುಕ್ಕೆಗೆ ಒಂದು. ಬಾಲಕ್ಕೆ ಕೊಕ್ಕೆ ಬಂದರೆ ಅರ್ಧ. ಇದನ್ನು ಮಗಳು ಒಂದೇ ದಿನದಲ್ಲಿ ಹಿಡಿದಳು. ತಜ್‌ವೀದ್ ಕಲಿಯುವಾಗ ಸಹಜ ಮದ್ದ್ ಎರಡು ಹರಕತ್, ಲಾಝಿಮ್ ಆದರೆ ಆರು ಅಂತ ಬೆರಳು ಮಡಚಿ ಎಣಿಸಿದ ಅಭ್ಯಾಸ ಅವಳಿಗಿತ್ತು. ಕಾಲವನ್ನು ಎಣಿಸಿ ಓದುವುದು ಅವಳಿಗೆ ಹೊಸತಲ್ಲ.

ಸ್ವರವನ್ನು ಕಾಗದದ ಮೇಲೆ ಹಿಡಿಯುವ ಪ್ರಯತ್ನ ಯುರೋಪಿನವರದ್ದು ಮಾತ್ರವೂ ಅಲ್ಲ. 9ನೇ ಶತಮಾನದಲ್ಲಿ ಅಲ್ ಕಿಂದಿ ಊದ್ ವಾದ್ಯದ ಸ್ವರಗಳನ್ನು ಅರಬಿ ಅಕ್ಷರಗಳಿಂದ ಗುರುತಿಸಿದರು. 13ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಸಫೀಯುದ್ದೀನ್ ಅಲ್ ಉರ್ಮವಿ 'ಕಿತಾಬುಲ್ ಅದ್ವಾರ್'ನಲ್ಲಿ ಸ್ವರಕ್ಕೆ ಅಕ್ಷರ, ಅದರ ಕಾಲಕ್ಕೆ ಅಂಕಿ ಬರೆದಿಟ್ಟರು. ಇವರಿಬ್ಬರ ನಡುವೆ, 11ನೇ ಶತಮಾನದಲ್ಲಿ, ಇಟಲಿಯ ಗ್ವಿಡೊ ಎಂಬ ಸನ್ಯಾಸಿ ಗೆರೆಗಳ ಮೇಲೆ ಸ್ವರ ಕೂರಿಸುವ ಕ್ರಮವನ್ನು ಗಟ್ಟಿ ಮಾಡಿದರು. ಇವತ್ತಿನ ಐದು ಗೆರೆ ಅಲ್ಲಿಂದ ಬೆಳೆದದ್ದು.

ನಮ್ಮ ನಾಡಿಗೂ ಈ ಲಿಪಿ ಪರಕೀಯವಲ್ಲ. ಶಿವಮೊಗ್ಗ, ಭದ್ರಾವತಿ ಎರಡೂ ಮೈಸೂರು ಸಂಸ್ಥಾನದಲ್ಲೇ ಇದ್ದ ಊರುಗಳು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್ ವಯಸ್ಸಾಗಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಅದೇ ಒಡೆಯರ್ ಮುಂದೆ ತೊಂಬತ್ತಕ್ಕೂ ಹೆಚ್ಚು ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಒಂದು ಲಿಪಿ ಕಲಿತದ್ದರಿಂದ ಇನ್ನೊಂದು ಅವರ ಕೈಬಿಡಲಿಲ್ಲ.

ಮನೆಯಲ್ಲಿ ಚರ್ಚೆ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಹೆಚ್ಚಿನವರು ದಫ್‌ಗಷ್ಟೇ ಸಮ್ಮತಿ ಕೊಡುವವರು. ತೀರ್ಪು ಹೇಳುವ ಅರ್ಹತೆ ನಮಗಿಲ್ಲ. ಸಂಬಂಧಿಕರೊಬ್ಬರು "ಈ ದುಡ್ಡು ಟ್ಯೂಷನ್ನಿಗೆ ಹಾಕಬಾರದಾ?" ಅಂದರು. ಇನ್ನೊಬ್ಬರು ಬರುವುದನ್ನೇ ಕಡಿಮೆ ಮಾಡಿದರು, ಅದು ಈಗಲೂ ನೋಯುತ್ತದೆ. ನಮಾಝ್ ತಪ್ಪಬಾರದು, ಮದ್ರಸ ತಪ್ಪಬಾರದು, ಪರೀಕ್ಷೆಯ ತಿಂಗಳು ಭದ್ರಾವತಿ ಬಸ್ಸು ಇಲ್ಲ. ಈ ಮೂರು ಷರತ್ತು ಹಾಕಿ ನಾವು ಒಪ್ಪಿದೆವು.

ಮೂರನೇ ತಿಂಗಳಲ್ಲಿ ಮಗಳೇ ಬಿಟ್ಟುಬಿಡುತ್ತೇನೆ ಅಂದಳು. ಆಗಿದ್ದು ಇಷ್ಟು: ಅವಳ ಕಿವಿ ಚುರುಕು. ಟೀಚರ್ ಒಂದು ಸಲ ನುಡಿಸಿ ತೋರಿಸಿದರೆ ಸಾಕು, ಪಾಠ ಕಿವಿಯಿಂದಲೇ ಬಾಯಿಪಾಠ ಆಗುತ್ತಿತ್ತು. ಪುಸ್ತಕ ಎದುರಿಗಿದ್ದರೂ ಕಣ್ಣು ಬೆರಳಿನ ಮೇಲೆ. ಒಂದು ಶನಿವಾರ ಟೀಚರ್ ನಡುಪುಟದಿಂದ, ಯಾವತ್ತೂ ನುಡಿಸದ ನಾಲ್ಕು ಸಾಲು ತೆಗೆದು "ಓದು" ಅಂದರು. ಒಂದು ಸಾಲೂ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತಳು. ಚೆನ್ನಾಗಿ ನುಡಿಸುತ್ತಾಳೆ ಅಂತ ಎಲ್ಲರೂ ಹೊಗಳುತ್ತಿದ್ದರು, ಆದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

ಅಲ್ಲಿಂದ ಕ್ರಮ ಬದಲಾಯಿತು. ದಿನಕ್ಕೆ ಹದಿನೈದೇ ನಿಮಿಷ, ಆದರೆ ತಪ್ಪದೆ. ಮೊದಲು ಕೀಬೋರ್ಡ್ ಮುಟ್ಟದೆ ಚಪ್ಪಾಳೆಯಲ್ಲಿ ಎಣಿಕೆ. ಅದರಲ್ಲಿ ನಾವೂ ಸೇರುತ್ತೇವೆ. ಆಮೇಲೆ ಬಲಗೈ ಮಾತ್ರ, ಎಡಗೈ ಮಾತ್ರ, ಕೊನೆಗೆ ಎರಡೂ. ಎಷ್ಟು ನಿಧಾನವಾದರೂ ಸರಿ, ತಪ್ಪಿದ ಕಡೆ ನಿಂತು ಹಿಂದೆ ಹೋಗಬಾರದು. ಎಲ್ಲ ಸ್ವರದ ಹೆಸರನ್ನೂ ಒಂದೊಂದಾಗಿ ಎಣಿಸುವ ಬದಲು ಕೂಡ್ಲಿ, ಜಿ, ಎಫ್ ಈ ಮೂರನ್ನು ಗಟ್ಟಿ ಮಾಡಿಕೊಂಡು ಅಲ್ಲಿಂದ ಹತ್ತುವುದೋ ಇಳಿಯುವುದೋ ನೋಡುವುದು. ಗೆರೆಯಿಂದ ಪಕ್ಕದ ಮನೆಗೆ ಹೋದರೆ ಒಂದು ಹೆಜ್ಜೆ, ಗೆರೆಯಿಂದ ಪಕ್ಕದ ಗೆರೆಗೆ ಹೋದರೆ ಒಂದು ಕೀ ಬಿಟ್ಟು ಮುಂದಿನದು. ಕೊನೆಯ ಎರಡು ನಿಮಿಷ ಹಿಂದೆಂದೂ ನೋಡದ ಸುಲಭ ಸಾಲೊಂದನ್ನು ಓದುವುದು. ಎಬಿಆರ್‌ಎಸ್‌ಎಂ ಪ್ರಾಕ್ಟಿಕಲ್ ಗ್ರೇಡ್ ಪರೀಕ್ಷೆಯಲ್ಲೂ ಹೀಗೆ ಹೊಸ ತುಣುಕು ಕೊಡುತ್ತಾರೆ, ನೋಡಿಕೊಳ್ಳಲು ಸಿಗುವುದು ಅರ್ಧ ನಿಮಿಷ. ಪರೀಕ್ಷೆಯ ಆತುರ ನಮಗಿಲ್ಲ. ಆದರೆ ಆರು ವಾರದ ಮೇಲೆ ಅದೇ ನಡುಪುಟದ ನಾಲ್ಕು ಸಾಲನ್ನು ಅವಳು ತಡವರಿಸುತ್ತಲೇ ಓದಿ ಮುಗಿಸಿದಳು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇವೆ ಅಂದರೆ, ಕಳೆದ ತಿಂಗಳು ನಡೆದ ಒಂದು ಸಂಗತಿಗಾಗಿ. ಉಮ್ಮನಿಗೆ ಈಗ ಎಪ್ಪತ್ತೆಂಟು. ಮದುವೆ ಮನೆಯ ಮೊಯಿಲಾಂಜಿ ಹಾಡುಗಳು ಅವರ ಬಾಯಲ್ಲಿವೆ. ಕರಾವಳಿಯಿಂದ ಘಟ್ಟ ಹತ್ತಿ ಬಂದಾಗ ತಂದವು. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ನಮ್ಮ ಭಾಷೆಯ ಮಾತುಗಳು ಅಚ್ಚಿಗೆ ಬರಲು ಒಂದು ದಾರಿಯಾಯಿತು. ಆದರೆ ಮಾತು ಅಚ್ಚಾದರೂ ಧಾಟಿ ಅಚ್ಚಾಗುವುದಿಲ್ಲ. ಉಮ್ಮನ ಜೊತೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆವು, ಫೋನು ಕೆಟ್ಟಾಗ ಅದೂ ಹೋಯಿತು.

ಒಂದು ರಾತ್ರಿ ಉಮ್ಮ ಹಾಡುತ್ತಿದ್ದಾಗ ಮಗಳು ಗೆರೆ ಎಳೆದ ಪುಸ್ತಕ ತಂದು ಕೂತಳು. ಒಂದು ಸಾಲು ಹಾಡಿಸಿ, ಕೀಬೋರ್ಡಿನಲ್ಲಿ ಹುಡುಕಿ, ಚುಕ್ಕೆ ಇಟ್ಟಳು. ನಾಲ್ಕು ಸಾಲಿಗೆ ಮೂರು ರಾತ್ರಿ ಹಿಡಿಯಿತು. ಉಮ್ಮನ ಧ್ವನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಎರಡು ಕೀಗಳ ನಡುವೆ ಎಲ್ಲೋ ಹೋಗುತ್ತದೆ. ಅದಕ್ಕೆ ಪಿಯಾನೊದಲ್ಲಿ ಕೀ ಇಲ್ಲ. ಅಲ್ಲಿ ಮಗಳು ಸಣ್ಣ ಬಾಗಿದ ಗೆರೆ ಎಳೆದು ಪಕ್ಕದಲ್ಲಿ 'ಉಮ್ಮ ಇಲ್ಲಿ ಜಾರುತ್ತಾರೆ' ಅಂತ ಬರೆದಿದ್ದಾಳೆ. ಆ ಕಾಗದವನ್ನು ಭದ್ರಾವತಿಗೆ ಒಯ್ದೆವು. ಟೀಚರಿಗೆ ಬ್ಯಾರಿ ಬಾರದು, ಉಮ್ಮನನ್ನು ಅವರು ನೋಡಿಯೂ ಇಲ್ಲ. ಕಾಗದ ನೋಡಿ ನುಡಿಸಿದರು. ಬಂದದ್ದು ನಮ್ಮ ಮನೆಯ ಹಾಡೇ.

ನಾವು ಅದನ್ನು ಫೋನಿನಲ್ಲಿ ಉಮ್ಮನಿಗೆ ಕೇಳಿಸಿದೆವು. ಸುಮ್ಮನೆ ಕೇಳಿದರು. ಮುಗಿದ ಮೇಲೆ "ಸರಿ ಉಂಟು. ಮೂರನೇ ಸಾಲಿನ ಕೊನೆಯಲ್ಲಿ ಅಷ್ಟು ಎಳೀಬಾರದು" ಅಂದರು. ಮಗಳು ಆ ರಾತ್ರಿ ಖಾಲಿ ಚುಕ್ಕೆಯನ್ನು ಅಳಿಸಿ ತುಂಬಿದ ಚುಕ್ಕೆ ಮಾಡಿದಳು. ಉಮ್ಮನ ಬಳಿ ಇನ್ನೂ ಹನ್ನೊಂದು ಹಾಡುಗಳಿವೆ. ಶನಿವಾರದ ಬಸ್ಸು ನಿಲ್ಲಿಸುವ ಮಾತು ಈಗ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.