ಬೀರುವಿನ ಬಾಗಿಲು ಉಜ್ಜಿದರೆ

ಆಷಾಢದ ಗಾಳಿ ಬೀಸಿ, ಚಾಮುಂಡಿಬೆಟ್ಟದ ನೆತ್ತಿಯ ಮೇಲೆ ಮೋಡ ಕವಿದು, ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಮೈಸೂರಿನ ಹಳೆಯ ಮನೆಗಳಲ್ಲಿ ಒಂದು ಹೊಸ ಸದ್ದು ಕೇಳತೊಡಗುತ್ತದೆ. ಅದು ಬೀರುವಿನ ಬಾಗಿಲು ಚೌಕಟ್ಟಿಗೆ ಉಜ್ಜುವ ಕಿರಿಕಿರಿ. ಮೊದಲ ದಿನ ತುಸು ಬಿಗಿ, ಎರಡನೆಯ ದಿನ ಎಳೆದಾಟ, ಮೂರನೆಯ ದಿನ ಮನೆಯೊಡೆಯನ ಕೋಪ. ಆ ಕೋಪದಲ್ಲಿ ಕೈಗೆ ತೋಪಡ ಬಂದರೆ ಅನಾಹುತವೇ ಸರಿ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಕೈಯಾರೆ ಕೆಡಿಸಿಕೊಂಡು ಹೇಳುತ್ತಿದ್ದೇನೆ.

ನಮ್ಮ ತಂದೆಯವರು ಬಿಟ್ಟುಹೋದ ತೇಗದ ಬೀರುವೊಂದು ನಮ್ಮ ಮನೆಯಲ್ಲಿದೆ. ಗಮಕ ವಾಚನದಲ್ಲಿ ಆಸಕ್ತರಾಗಿದ್ದ ಅವರು ಕಠಿಣ ಪದಗಳ ಅರ್ಥವನ್ನು ನಾಲ್ಕು ನೋಟುಪುಸ್ತಕಗಳಲ್ಲಿ ಬರೆದು ಅದರಲ್ಲಿಟ್ಟಿದ್ದರು. ಒಂದು ಆಷಾಢದಲ್ಲಿ ಬೀರುವಿನ ಬಾಗಿಲು ಬಿಗಿಯಿತು. ನಾನು ನೆರೆಮನೆಯಿಂದ ತೋಪಡ ತಂದು, ಅದು ಸಲೀಸಾಗಿ ಮುಚ್ಚುವವರೆಗೂ ಅಂಚನ್ನು ಕೀಸಿದೆ. ಶಿವರಾತ್ರಿಯ ಹೊತ್ತಿಗೆ ಮರ ಒಣಗಿ ಕುಗ್ಗಿತು; ಪೆನ್ಸಿಲ್ ತೂರುವಷ್ಟು ಸಂದು ಬಿಟ್ಟಿತು. ಅಷ್ಟು ಸಂದು ಇಲಿಮರಿಗೆ ರಾಜಬೀದಿ. ಯುಗಾದಿಗೆ ಮನೆ ಗುಡಿಸಲೆಂದು ಬೀರು ತೆರೆದಾಗ ಎರಡು ಪುಸ್ತಕಗಳು ಚೂರುಚೂರಾಗಿದ್ದವು. ಬಾಗಿಲನ್ನು ನೋಡಲು ಬಂದ ಬಡಗಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಮೇಷ್ಟ್ರೇ, ಮಳೆಗಾಲದಲ್ಲಿ ಕೀಸಿದ್ದನ್ನು ಬೇಸಿಗೆಯಲ್ಲಿ ಅಂಟಿಸೋಕಾಗಲ್ಲ.”

ಮರವನ್ನು ಕಡಿದು ಹಲಗೆ ಮಾಡಿದ ಮೇಲೂ ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ತೇವ ಸೇರಿದಾಗ ಅದು ಎಳೆಯ ಉದ್ದಕ್ಕೆ ಬೆಳೆಯುವುದು ಇಲ್ಲವೆಂಬಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಆದ್ದರಿಂದಲೇ ಬಾಗಿಲು ಎತ್ತರದಲ್ಲಿ ಹೆಚ್ಚದೆ ಅಗಲದಲ್ಲಿ ಹೆಚ್ಚುತ್ತದೆ. ತೇಗವು ಮರಗಳಲ್ಲೆಲ್ಲ ಸಾಧು ಸ್ವಭಾವದ್ದು. ಆದರೂ 45 ಸೆಂಟಿಮೀಟರ್ ಅಗಲದ ತೇಗದ ಹಲಗೆಯಲ್ಲಿ ತೇವಾಂಶ ನೂರಕ್ಕೆ 4ರಷ್ಟು ಏರಿದರೆ, ಹಲಗೆಯನ್ನು ಕೊಯ್ದ ಬಗೆಗೆ ತಕ್ಕಂತೆ, ಅದು ಸುಮಾರು ಒಂದೂವರೆಯಿಂದ ಮೂರೂವರೆ ಮಿಲಿಮೀಟರ್ ಹಿಗ್ಗಬಲ್ಲದು. ಬಾಗಿಲು ಸಿಕ್ಕಿಕೊಳ್ಳಲು ಅಷ್ಟು ಸಾಕು.

ನಮ್ಮ ಹಿಂದಿನ ಬಡಗಿಗಳು ಇದನ್ನು ಬಲ್ಲವರು. ಹಳೆಯ ಬೀರುವಿನ ಬಾಗಿಲನ್ನು ನೋಡಿ: ಸುತ್ತ ಚೌಕಟ್ಟು, ನಡುವೆ ತೆಳು ಹಲಗೆ. ಆ ಹಲಗೆಯನ್ನು ಅಂಟಿನಿಂದಾಗಲಿ ಮೊಳೆಯಿಂದಾಗಲಿ ಬಿಗಿಯದೆ, ಗಾಡಿಯಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ. ಹಲಗೆ ಹಿಗ್ಗಿದರೂ ಗಾಡಿಯೊಳಗೇ ಹಿಗ್ಗಲಿ, ಬಾಗಿಲಿನ ಅಳತೆ ಕೆಡದಿರಲಿ ಎಂಬುದು ಅದರ ಮರ್ಮ. ಬೀಟೆ ಮರದಲ್ಲಿ ಚಿತ್ರ ಕೂಡಿಸುವ ನಮ್ಮೂರಿನ ಕುಸುರಿ ಕೆಲಸಕ್ಕೆ 2005ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತಷ್ಟೆ. ಆ ಕಲೆಗೂ ಚೆನ್ನಾಗಿ ಒಣಗಿದ ಮರವೇ ಅಡಿಪಾಯ. ಹಸಿಮರದಲ್ಲಿ ಕೂಡಿಸಿದ ತುಣುಕು ಮರ ಒಣಗಿದಂತೆ ಸಡಿಲವಾಗುತ್ತದೆ.

ಹಾಗೆಂದು ಉಜ್ಜುವ ಬಾಗಿಲೆಲ್ಲ ಮಳೆಯಿಂದಲೇ ಉಜ್ಜುವುದಿಲ್ಲ. ರೋಗವನ್ನು ತಿಳಿಯದೆ ಮದ್ದು ಕೊಡಬಾರದು. ಮೊದಲು ಉಜ್ಜುವ ಜಾಗವನ್ನು ಗುರುತಿಸಿರಿ. ಇದಕ್ಕೆ ನಮ್ಮ ಶಾಲೆಯ ಸೀಮೆಸುಣ್ಣವೇ ಸಾಕು. ಚೌಕಟ್ಟಿನ ಒಳ ಅಂಚಿಗೆ ಸುಣ್ಣವನ್ನು ಬಳಿದು ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಬಾಗಿಲಿನ ಅಂಚಿನಲ್ಲಿ ಸುಣ್ಣ ಹತ್ತಿದ ಕಡೆಯೇ ಉಜ್ಜುವ ಕಡೆ.

ಇನ್ನು ಆ ಗುರುತನ್ನು ಓದುವ ಬಗೆ. ಅಂಚಿನ ಉದ್ದಕ್ಕೂ ಸುಣ್ಣ ಹತ್ತಿದ್ದರೆ ಮರ ಹಿಗ್ಗಿದೆಯೆಂದು ತಿಳಿಯಬಹುದು. ಹಿಡಿಯಿರುವ ಕಡೆಯ ಮೇಲಿನ ಮೂಲೆಯಲ್ಲಿಯೂ ಅದೇ ಕಡೆಯ ತಳದಲ್ಲಿಯೂ ಹತ್ತಿದ್ದರೆ ಬಾಗಿಲು ಜೋಲಿದೆ. ಮೇಲಿನ ಕೀಲು ಸಡಿಲವಾಗಿದೆ. ತಿರುಪುಳಿಯಿಂದ ಆ ಕೀಲಿನ ಸ್ಕ್ರೂಗಳನ್ನು ಬಿಗಿಯಿರಿ. ಸ್ಕ್ರೂ ಬರಿದೆ ಸುತ್ತಿದರೆ ತೂತು ಸವೆದಿದೆಯೆಂದರ್ಥ. ಸ್ಕ್ರೂವನ್ನು ತೆಗೆದು, ಮದ್ದು ಮುರಿದ ಎರಡು ಬೆಂಕಿಕಡ್ಡಿಗಳನ್ನೋ ಬಿದಿರಿನ ಸೀಳನ್ನೋ ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಅದೇ ಸ್ಕ್ರೂವನ್ನು ಹಾಕಿರಿ. ನೂರಕ್ಕೆ ಅರ್ಧ ರೋಗಗಳು ಇಲ್ಲಿಗೇ ವಾಸಿ ಎಂಬುದು ನನ್ನ ಅನುಭವ.

ಕೀಲು ಬಿಗಿಯಾಗಿದ್ದೂ ಬಾಗಿಲು ಜೋಲಿದ್ದರೆ, ಕೆಳಗಿನ ಕೀಲನ್ನು ಚೌಕಟ್ಟಿನಿಂದ ಬಿಚ್ಚಿ, ಅದರ ಹಿಂದೆ ಹಳೆಯ ಲಗ್ನಪತ್ರಿಕೆಯ ರಟ್ಟಿನ ತುಂಡೊಂದನ್ನು ಇಟ್ಟು ಮತ್ತೆ ಬಿಗಿಯಿರಿ. ಬಾಗಿಲಿನ ಕೆಳಭಾಗ ಕೂದಲೆಳೆಯಷ್ಟು ಹೊರಕ್ಕೆ ಸರಿದು, ಜೋಲಿದ ಮೂಲೆ ಮೇಲೇಳುತ್ತದೆ. ಹಿಡಿಯ ಕಡೆ ಕೆಳಗೆ ಮಾತ್ರ ಉಜ್ಜುತ್ತಿದ್ದರೆ ರಟ್ಟನ್ನು ಮೇಲಿನ ಕೀಲಿಗೆ ಇಡಬೇಕು. ಬಾಗಿಲು ಮುಚ್ಚಿದೊಡನೆ ಸ್ಪ್ರಿಂಗಿನಂತೆ ತಾನಾಗಿ ಹಿಂದಕ್ಕೆ ಬಂದರೆ ಸ್ಕ್ರೂವಿನ ತಲೆ ಎದ್ದಿದೆಯೇ, ಇಲ್ಲವೆ ಕೀಲು ಮರದೊಳಗೆ ಅತಿಯಾಗಿ ಹುದುಗಿದೆಯೇ ಎಂದು ನೋಡಿರಿ.

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಬೀರುವಿನ ಸಂಗತಿಯಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕಿರಬಹುದು! ಹಳೆಯ ಗಾರೆ ನೆಲದಲ್ಲಿ ಒಂದು ಕಾಲು ತಗ್ಗಿನಲ್ಲಿ ಕೂತರೆ ಬೀರುವಿನ ಚೌಕಟ್ಟೇ ಓರೆಯಾಗುತ್ತದೆ. ಒಂದು ದಾರದಿಂದ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡು ಬಗೆಯಾಗಿ ಅಳೆಯಿರಿ. ಎರಡು ಅಳತೆಯೂ ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ. ಇಲ್ಲದಿದ್ದರೆ, ತಗ್ಗಿದ ಕಾಲಿನಡಿ ಮರದ ತೆಳು ಚಕ್ಕೆಯನ್ನಿಟ್ಟು, ಬಾಗಿಲು ಸಮವಾಗುವವರೆಗೆ ಸ್ವಲ್ಪಸ್ವಲ್ಪವಾಗಿ ಎತ್ತಿರಿ. ಸಾಮಾನನ್ನೆಲ್ಲ ಇಳಿಸಿ, ಇಬ್ಬರು ಸೇರಿ ಈ ಕೆಲಸ ಮಾಡುವುದು ಕ್ಷೇಮ.

ಈಗಿನ ಪ್ಲೈವುಡ್ ಕಪಾಟುಗಳಿಗೆ ಇಷ್ಟು ಶ್ರಮ ಬೇಡ. ಪದರಗಳ ಎಳೆಯನ್ನು ಒಂದಕ್ಕೊಂದು ಅಡ್ಡಡ್ಡವಾಗಿಟ್ಟು ಅಂಟಿಸುವುದರಿಂದ ಅವು ಹಿಗ್ಗುವುದು ಕಡಿಮೆ. ಅವುಗಳ ಬಾಗಿಲಿನ ಒಳಗೆ ಬಟ್ಟಲಿನಂತೆ ಹುದುಗಿದ ಕೀಲಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂಗಳಿರುತ್ತವೆ. ಒಂದು ಬಾಗಿಲನ್ನು ಎಡಬಲಕ್ಕೆ, ಇನ್ನೊಂದು ಹಿಂದುಮುಂದಕ್ಕೆ ಸರಿಸುತ್ತದೆ. ಕಾಲು ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ತಿರುಗಿಸುವುದು ಜಾಣತನ.

ಎಲ್ಲವನ್ನೂ ಪರೀಕ್ಷಿಸಿದ ಮೇಲೆ, ಮರ ಹಿಗ್ಗಿರುವುದೇ ಕಾರಣವೆಂದು ಗೊತ್ತಾದರೆ ಮಾಡಬೇಕಾದುದೇನು? ಮಳೆಗಾಲದಲ್ಲಿ ಆದಷ್ಟು ಕಡಿಮೆ. ಉಜ್ಜುವ ಕಡೆಗೆ ಮೇಣದಬತ್ತಿಯನ್ನು ತಿಕ್ಕಿರಿ. ಸಾಲದಿದ್ದರೆ ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿರಿ. ನೆಲ ಒರೆಸುವಾಗ ಬೀರುವಿನ ಕಾಲಿಗೆ ನೀರು ನಿಲ್ಲದಂತೆ ನೋಡಿಕೊಳ್ಳಿರಿ. ಗೋಡೆಗೂ ಬೀರುವಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಗಾಳಿಯಾಡಲಿ. ಬಳಿಕ ಮಾಘ, ಫಾಲ್ಗುಣದ ಒಣ ದಿನಗಳಿಗಾಗಿ ಕಾಯಿರಿ. ಆಗಲೂ ಬಿಗಿಯೆನಿಸಿದರೆ ಮಾತ್ರ ಕೀಸುವ ಮಾತು. ಅದನ್ನೂ ಬಾಗಿಲು ಬಿಚ್ಚಿ, ಎಳೆಯ ಜಾಡಿನಲ್ಲಿ, ತೆಳುವಾಗಿ ಮಾಡಬೇಕು. ಕೀಸಿದ ಅಂಚಿಗೂ, ಯಾರೂ ನೋಡದ ಮೇಲಿನ ಕೆಳಗಿನ ಅಂಚುಗಳಿಗೂ ತಪ್ಪದೆ ವಾರ್ನಿಶ್ ಬಳಿಯಿರಿ. ಮರದ ಎಳೆ ಕಡಿದ ತುದಿಯಲ್ಲಿಯೇ ತೇವ ಬೇಗನೆ ಒಳಹೊಗುವುದು. ಬಣ್ಣ ಬಳಿಯುವವರು ಸಾಮಾನ್ಯವಾಗಿ ಮರೆಯುವುದೂ ಆ ತುದಿಯನ್ನೇ.

ತೋಪಡಕ್ಕೆ ಹಳೆಯ ಕನ್ನಡದಲ್ಲಿ ಕೀಸುಳಿಯೆಂಬ ಹೆಸರಿದೆ. ಕೀಸುವ ಉಳಿ, ಎಷ್ಟು ಚೊಕ್ಕ ಮಾತು! ಅದನ್ನು ಮಕ್ಕಳಿಗೆ ಹೇಳಿಕೊಡುವ ನಾನೇ ಅದರ ಅಲಗಿಗೆ ಅಷ್ಟು ಬೇಗ ಕೈಯಿಟ್ಟೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಬೀರುವಿನ ಕಥೆ ಹೀಗೆ ಮುಗಿಯಿತು: ನಾನು ಕೀಸಿ ಕಳೆದ ಅಂಚಿಗೆ ಆ ಬಡಗಿ ಒಣಗಿದ ತೇಗದ ಪಟ್ಟಿಯೊಂದನ್ನು ಅಂಟಿಸಿ, ಬಣ್ಣ ಹೊಂದಿಸಿ ಕೊಟ್ಟರು. ಉಳಿದ ಎರಡು ನೋಟುಪುಸ್ತಕಗಳು ಮತ್ತೆ ಅಲ್ಲಿಯೇ ಇವೆ. ಈಗಲೂ ಆಷಾಢದಲ್ಲಿ ಬಾಗಿಲು ಒಂದಿಷ್ಟು ಬಿಗಿಯುತ್ತದೆ. ಮೇಣದಬತ್ತಿಯ ತುಣುಕೊಂದನ್ನು ಬೀರುವಿನ ಮೇಲೆಯೇ ಇಟ್ಟಿದ್ದೇನೆ.