ಮಜ್ಜಿಗೆಯೂ ಮದ್ದೂ

ಊಟದ ಕೊನೆಗೆ ಮಜ್ಜಿಗೆಯಿಲ್ಲದಿದ್ದರೆ ಉಂಡಂತಾಗದ ಜನ ನಾವು. ಹೊಟ್ಟೆ ಕೆಟ್ಟಿತೆಂದರೆ ಮನೆಯ ಹಿರಿಯರು ಮೊದಲು ನೆನೆಯುವುದೂ ಅದನ್ನೇ. ಚರಕಸಂಹಿತೆ ಗ್ರಹಣಿರೋಗಕ್ಕೆ ತಕ್ರವನ್ನು, ಎಂದರೆ ಮಜ್ಜಿಗೆಯನ್ನು, ಹಿತವೆಂದು ಹೇಳಿದೆ. ಹೀಗಿರುವಾಗ 'ಪ್ರೋಬಯಾಟಿಕ್' ಎಂಬ ಹೆಸರು ಕಿವಿಗೆ ಬಿದ್ದರೆ, ಇದು ನಮ್ಮ ಹಳೆಯ ಮಜ್ಜಿಗೆಯೇ ಅಲ್ಲವೆ ಎಂದು ತೋರುವುದು ಸಹಜ.

ನನ್ನ ಮಿತ್ರರೊಬ್ಬರಿಗೂ ಹಾಗೆಯೇ ತೋರಿತು. ಅವರಿಗಿದ್ದದ್ದು ದೊಡ್ಡ ಕರುಳಿನ ಉರಿಯೂತ; ವೈದ್ಯರು ಅಲ್ಸರೇಟಿವ್ ಕೊಲೈಟಿಸ್ ಎನ್ನುವ ವ್ಯಾಧಿ. ಮಾತ್ರೆಗಳಿಂದ ಅದು ಅಡಗಿ ಒಂದು ವರ್ಷ ಕಳೆದಿತ್ತು. 'ಇನ್ನು ಮಜ್ಜಿಗೆಯೇ ಸಾಕು' ಎಂದು ಮಾತ್ರೆ ಬಿಟ್ಟರು. ಮೂರು ತಿಂಗಳಲ್ಲಿ ಮತ್ತೆ ರಕ್ತ ಕಾಣಿಸಿತು, ಆಸ್ಪತ್ರೆ ಸೇರಬೇಕಾಯಿತು. ಅವರು ನಂಬಿದ್ದು ಪೂರ್ಣ ಸುಳ್ಳಲ್ಲ, ಅರ್ಧ ಸತ್ಯ. ಅಪಾಯವಿದ್ದುದು ಆ ಅರ್ಧದಲ್ಲಿಯೇ.

ಈ ವ್ಯಾಧಿಯಲ್ಲಿ ದೇಹದ ರಕ್ಷಣಾಶಕ್ತಿಯೇ ಹದ ತಪ್ಪಿ ದೊಡ್ಡ ಕರುಳಿನ ಒಳಪೊರೆಯನ್ನು ಹುಣ್ಣಾಗಿಸುತ್ತದೆ. ರಕ್ತಮಿಶ್ರಿತ ಭೇದಿ, ಹೊಟ್ಟೆ ನುಲಿತ, ತಡೆಯಲಾರದ ಅವಸರ, ಬಳಲಿಕೆ ಇದರ ಲಕ್ಷಣಗಳು. ಕೆಲವು ಕಾಲ ಕೆರಳುತ್ತದೆ, ಕೆಲವು ಕಾಲ ಅಡಗುತ್ತದೆ. ಅಡಗಿದ್ದು ವಾಸಿಯಾದಂತಲ್ಲ. ಉರಿ ಹಲವು ವರ್ಷ ಉಳಿದರೆ ಕರುಳಿನ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ.

ನಮ್ಮ ಕರುಳಿನಲ್ಲಿ ಕೋಟಿ ಕೋಟಿ ಸೂಕ್ಷ್ಮಾಣುಗಳು ನೆಲೆಸಿವೆ. ಅವುಗಳಲ್ಲಿ ಕೆಲವು ದುಷ್ಟ ಜೀವಾಣುಗಳಿಗೆ ಎಡೆಗೊಡದೆ, ಒಳಪೊರೆಯನ್ನು ಬಲಪಡಿಸಿ ಕರುಳನ್ನು ಕಾಯುತ್ತವೆ. ಇಂಥ ಕಾವಲುಗಾರರನ್ನು ಹೊರಗಿನಿಂದ ಕಳುಹಿಸಬಹುದೆ? 1917ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಜರ್ಮನಿಯ ಫ್ರೈಬರ್ಗ್ ನಗರದ ವೈದ್ಯ ಆಲ್ಫ್ರೆಡ್ ನಿಸ್ಲೆ ಈ ದಾರಿಯಲ್ಲಿ ಹೆಜ್ಜೆಯಿಟ್ಟನು. ಸಂಗಡಿಗರೆಲ್ಲ ಆಮಶಂಕೆಯಿಂದ ನರಳುತ್ತಿದ್ದಾಗ ಒಬ್ಬ ಸೈನಿಕ ಮಾತ್ರ ಆರೋಗ್ಯವಾಗಿದ್ದನು. ಅವನ ಮಲದಿಂದ ನಿಸ್ಲೆ ಬೇರ್ಪಡಿಸಿದ ಎಷೆರಿಕಿಯಾ ಕೋಲೈ ತಳಿ ಇಂದಿಗೂ ಆತನ ಹೆಸರನ್ನೇ ಹೊತ್ತಿದೆ.

ಅದೇ ತಳಿಯನ್ನು ಈ ವ್ಯಾಧಿಗೆ ಬಳಸಿ ನೋಡಿದ ಪರೀಕ್ಷೆಯೊಂದರ ಫಲ 2004ರಲ್ಲಿ ಪ್ರಕಟವಾಯಿತು. ರೋಗ ಅಡಗಿದ್ದ 327 ಮಂದಿಯಲ್ಲಿ ಕೆಲವರಿಗೆ ನಿಸ್ಲೆಯ ತಳಿಯನ್ನೂ ಉಳಿದವರಿಗೆ ರೂಢಿಯ ಔಷಧಿ ಮೆಸಲಜೀನನ್ನೂ ಒಂದು ವರ್ಷ ಕೊಟ್ಟರು. ನಿಯಮದಂತೆ ನಡೆದುಕೊಂಡವರಲ್ಲಿ ರೋಗ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 36, ಎರಡನೆಯದರಲ್ಲಿ 34 ಮಂದಿಗೆ. ಎರಡೂ ಹೆಚ್ಚುಕಡಿಮೆ ಸಮಬಲವೆಂದಾಯಿತು. 2009ರಲ್ಲಿ ಭಾರತದಲ್ಲಿಯೇ ನಡೆದ ಪರೀಕ್ಷೆಯೊಂದು ಪ್ರಕಟವಾಯಿತು. ವ್ಯಾಧಿ ಸೌಮ್ಯವಾಗಿ ಅಥವಾ ಮಧ್ಯಮವಾಗಿ ಕೆರಳಿದ್ದ 147 ಮಂದಿಯಲ್ಲಿ ಎಂಟು ತಳಿಗಳ ಮಿಶ್ರಣ ಸೇವಿಸಿದವರ ಪೈಕಿ ನೂರಕ್ಕೆ ಸುಮಾರು 43 ಮಂದಿಗೆ ಹನ್ನೆರಡು ವಾರಗಳಲ್ಲಿ ರೋಗ ಅಡಗಿತು. ಔಷಧಿಯಿಲ್ಲದ ಹುಸಿಪುಡಿ ಪಡೆದವರಲ್ಲಿ ಸುಮಾರು 16 ಮಂದಿಗೆ ಮಾತ್ರ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಮಿಶ್ರಣದ ಪ್ರಮಾಣ ಒಂದು ವೇಳೆಗೆ 3.6 ಲಕ್ಷ ಕೋಟಿ ಜೀವಾಣುಗಳು. ದಿನಕ್ಕೆ ಎರಡು ವೇಳೆ. ತಳಿ ಯಾವುದು, ಸಂಖ್ಯೆ ಎಷ್ಟು ಎಂಬುದು ಗೊತ್ತುಪಡಿಸಿದ ವಸ್ತು ಅದು. ನಮ್ಮ ಮನೆಯ ಹೆಪ್ಪು ಹಾಗಲ್ಲ. ಮನೆಮನೆಗೂ ಬೇರೆ, ಋತುವಿನಿಂದ ಋತುವಿಗೂ ಬೇರೆ. ಅದು ಒಳ್ಳೆಯ ಆಹಾರ, ಸಂಶಯವಿಲ್ಲ. ಆದರೆ ಪರೀಕ್ಷೆಯಲ್ಲಿ ಗೆದ್ದದ್ದು ಅದಲ್ಲ. ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಆರೋಪಿಸಲೂ ಬಾರದು.

ವೈದ್ಯಲೋಕವೂ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಇರುವ ಪುರಾವೆ ಸಾಲದು, ಸಂಶೋಧನೆಯ ಚೌಕಟ್ಟಿನ ಹೊರಗೆ ಈ ವ್ಯಾಧಿಗೆ ಪ್ರೋಬಯಾಟಿಕ್ ಬೇಡ ಎಂದು 2020ರಲ್ಲಿ ಅಮೆರಿಕದ ಜಠರ-ಕರುಳು ತಜ್ಞರ ಸಂಘ ಸಲಹೆಯಿತ್ತಿತು. ರಕ್ಷಣಾಶಕ್ತಿ ತೀರ ಕುಗ್ಗಿದವರಲ್ಲಿ ಈ ಮಿತ್ರಜೀವಿಗಳೇ, ಅಪರೂಪವಾಗಿಯಾದರೂ, ರಕ್ತ ಸೇರಿ ಸೋಂಕಾಗುವುದುಂಟು. ಆದುದರಿಂದ ಇವನ್ನು ಸೇವಿಸಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಸೇವಿಸಬೇಕು. ನಡೆಯುತ್ತಿರುವ ಔಷಧಿಯನ್ನು ತಾನಾಗಿ ನಿಲ್ಲಿಸಬಾರದು.

ಮಜ್ಜಿಗೆಗೆ ಬಂದವನಿಗೆ ಎಮ್ಮೆಯ ಕ್ರಯವೇಕೆ ಎಂಬ ಗಾದೆ ನಮ್ಮಲ್ಲಿದೆ. ಬಾಯಾರಿಕೆಗೆ ಕುಡಿಯುವವನ ಮಟ್ಟಿಗೆ ಮಾತು ನಿಜ. ಮದ್ದೆಂದು ಕುಡಿಯುವವನು ಮಾತ್ರ ಎಮ್ಮೆಯ ಕ್ರಯವನ್ನೂ ಕೇಳಬೇಕು, ಅದರ ತಳಿಯನ್ನೂ ವಿಚಾರಿಸಬೇಕು. ನನ್ನ ಮಿತ್ರರು ಈಗ ಚೇತರಿಸಿಕೊಂಡಿದ್ದಾರೆ. ಊಟದ ಕೊನೆಗೆ ಅವರಿಗೆ ಮಜ್ಜಿಗೆ ಇದ್ದೇ ಇದೆ. ಊಟವಾದ ಮೇಲೆ ಮಾತ್ರೆಯೂ ಇದೆ.