ಚಿಗವ್ವ ನಾಚಿ ಬಿಟ್ಟ ಗುಳಿಗೆ: ಶ್ವಾಸಕೋಶದ ಬಿಪಿಗೆ ಸಿಲ್ಡೆನಾಫಿಲ್ ಯಾಕೆ?

ಇರಕಲ್ಲಗಡದಿಂದ ಮಾತಾಡಾಕತ್ತೀನಿ. ನಾನು ಬಿಕಾಂ ಓದಿದವನು, ಡಾಕ್ಟರಲ್ಲ. ಆದರೂ ಇವತ್ತು ಒಂದು ಗುಳಿಗೆಯ ಬಗ್ಗೆ ಹೇಳಲೇಬೇಕು. ಕಾರಣ ನಮ್ಮ ಚಿಗವ್ವ.

ನಾಲ್ಕು ಹೆಜ್ಜೆ ನಡೆದರೆ ಆಕೆಗೆ ದಮ್ಮು, ಕಾಲಿಗೆ ಬಾವು. ಪಲ್ಮನರಿ ಹೈಪರ್‌ಟೆನ್ಷನ್ ಎಂದು ಸಿಲ್ಡೆನಾಫಿಲ್ ಬರೆದುಕೊಟ್ಟರು. ಉಸಿರು ಸುಧಾರಿಸಿತು. ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ನೋಡಿ, "ಇದು ವಯಾಗ್ರಾ, ಗಂಡಸರ ಗುಳಿಗಿ" ಅಂತ ನಕ್ಕರು. ಚಿಗವ್ವ ನಾಚಿ ಬಿಟ್ಟುಬಿಟ್ಟಳು. ಕೆಲವೇ ದಿನಕ್ಕೆ ಮತ್ತೆ ದಮ್ಮು.

ಈ ಬಿಪಿ ತೋಳಿಗೆ ಪಟ್ಟಿ ಕಟ್ಟಿದರೆ ಸಿಗೋದಲ್ಲ. ಎಕೋದಲ್ಲಿ ಅನುಮಾನ ಬರುತ್ತದೆ, ಹೃದಯಕ್ಕೆ ಕ್ಯಾಥೆಟರ್ ಹಾಕಿ ಖಚಿತ ಮಾಡುತ್ತಾರೆ. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಮಿ.ಮೀ. ದಾಟಿದರೆ ಈ ಕಾಯಿಲೆ.

ದಾಳಿಂಬೆ ತೋಟದ ಡ್ರಿಪ್ ನೆನಪಿಸಿಕೊಳ್ಳಿ. ಪೈಪ್ ಕಿರಿದಾದರೆ ಗಿಡಕ್ಕೆ ನೀರು ಕಡಿಮೆ, ಮೋಟರಿಗೆ ಭಾರ ಹೆಚ್ಚು. ಇಲ್ಲಿ ಮೋಟರ್ ಅಂದರೆ ಹೃದಯದ ಬಲಭಾಗ. ಅದು ಸೋತರೆ ಜೀವಕ್ಕೇ ಅಪಾಯ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಅದರಿಂದ ಹುಟ್ಟುವ ಸಿಜಿಎಂಪಿ ಎಂಬ ವಸ್ತು ನಾಳದ ಸ್ನಾಯುವನ್ನು ಸಡಿಲಿಸುತ್ತದೆ. ಪಿಡಿಇ-5 ಎಂಬ ಕಿಣ್ವ ಆ ವಸ್ತುವನ್ನು ಒಡೆದುಹಾಕುತ್ತದೆ. ಸಿಲ್ಡೆನಾಫಿಲ್ ಈ ಕಿಣ್ವವನ್ನೇ ತಡೆಯುತ್ತದೆ. ನಾಳ ಅಗಲವಾಗಿ ರಕ್ತ ಸಲೀಸಾಗಿ ಹರಿಯುತ್ತದೆ, ಹೃದಯದ ಭಾರ ಇಳಿಯುತ್ತದೆ. ಪಿಡಿಇ-5 ಶ್ವಾಸಕೋಶದ ನಾಳಗಳಲ್ಲೂ ಇದೆ, ಶಿಶ್ನದಲ್ಲೂ ಇದೆ. ಒಂದೇ ಔಷಧಿಗೆ ಎರಡು ಕೆಲಸ ಬಂದದ್ದು ಹೀಗೆ. ಮೊದಲು ಎದೆನೋವಿಗೆಂದು ಪರೀಕ್ಷಿಸಿದ ಇದಕ್ಕೆ ಅಮೆರಿಕದಲ್ಲಿ 1998ರಲ್ಲಿ ವಯಾಗ್ರಾ ಆಗಿ, 2005ರಲ್ಲಿ ಶ್ವಾಸಕೋಶದ ಬಿಪಿಗೆ ಒಪ್ಪಿಗೆ ಸಿಕ್ಕಿತು.

ಬೊಸೆಂಟಾನ್, ಆಂಬ್ರಿಸೆಂಟಾನ್ ದಾರಿ ಬೇರೆ. ನಾಳ ಬಿಗಿಯುವಂತೆ ಮಾಡುವ ಎಂಡೋಥೆಲಿನ್‌ಗೆ ಅವು ಅಡ್ಡ ನಿಲ್ಲುತ್ತವೆ. ಗರ್ಭಿಣಿಯರು ಅವನ್ನು ತೆಗೆದುಕೊಳ್ಳಬಾರದು.

ಇವು ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಎಲ್ಲರಿಗೂ ಹೊಂದುವುದೂ ಇಲ್ಲ. ಕವಾಟ ಕೆಟ್ಟು ಬಂದ ಒತ್ತಡಕ್ಕೆ ಕವಾಟದ್ದೇ ಚಿಕಿತ್ಸೆ ಬೇಕು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಗುಳಿಗೆ ಸಿಲ್ಡೆನಾಫಿಲ್ ಜೊತೆ ಸೇರಿದರೆ ಬಿಪಿ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಮ್ಮಷ್ಟಕ್ಕೆ ನಾವೇ ಶುರುಮಾಡೋದೂ ತಪ್ಪು, ಬಿಡೋದೂ ತಪ್ಪು.

ಡಾಕ್ಟರನ್ನು ಕೇಳಿ ಚಿಗವ್ವ ಮತ್ತೆ ಶುರುಮಾಡಿದ್ದಾಳೆ. ನಕ್ಕವರಿಗೆ ಈಗ ಆಕೆಯೇ ಹೇಳುತ್ತಾಳೆ: "ಪೈಪ್ ಸಡಿಲ ಮಾಡೋ ಗುಳಿಗಿ ಐತಿ. ಅದರಾಗ ನಗೂದೇನೈತಿ?"